ಕೆಂಪು ಜೋಳದ ಕಮಿಟಿ

ಹೋದ ತಿಂಗಳು ಮಗಳ ಮನೆಗೆಂದು ಛತ್ರಪತಿ ಸಂಭಾಜಿನಗರಕ್ಕೆ ಹೋಗಿದ್ದೆ. ಅಳಿಯನ ಕೆಲಸ ಚಿಕಲಠಾಣಾದಲ್ಲಿ, ಮನೆಯೂ ಅಲ್ಲೇ ಹತ್ತಿರ. ಒಂದು ಸಂಜೆ ಮೊಮ್ಮಗಳು ಆಫೀಸಿನಿಂದ ಬರುತ್ತ ಮಿರಿಮಿರಿ ಮಿಂಚುವ ಪೊಟ್ಟಣವೊಂದನ್ನು ತಂದು ನನ್ನ ಮಡಿಲಿಗೆ ಹಾಕಿ, "ಅಜ್ಜಿ, ಹೇ ಬಘ, ನೋಡಿಲ್ಲಿ, ನಿನ್ನ ಶುಗರ್‌ಗೆ ಏಕದಮ್ ಬೆಸ್ಟ್ ಅಂತ. ಕೆಂಪ ಜ್ವಾರಿ ಹಿಟ್ಟು" ಎಂದಳು. ಪೊಟ್ಟಣದ ಮೇಲೆ ತೆಳ್ಳನೆಯ ಹುಡುಗಿಯೊಬ್ಬಳು ಹೊಲದ ನಡುವೆ ನಿಂತು ನಗುತ್ತಿದ್ದಳು. ಮಗಳು ಒಲೆಯ ಮೇಲಿದ್ದ ಎಸರಿಗೆ ಆ ಹಿಟ್ಟು ಸುರಿದದ್ದೇ ತಡ, ಗೋಣಿಚೀಲ ನೆನೆದಂಥ ಒಂದು ವಾಸನೆ ಎದ್ದು ಹೊರಗಿನ ಕೋಣೆಗೆ ಬಂತು. ನನಗೆ ನಗು ತಡೆಯಲಾಗಲಿಲ್ಲ. ನಾನು ನಕ್ಕ ರೀತಿಗೆ ಉಸಿರು ಸಿಕ್ಕಿಕೊಂಡಿತೆಂದು ತಿಳಿದು ಮಗಳು ನೀರಿನ ಲೋಟ ಹಿಡಿದು ಓಡಿ ಬಂದಳು. ಈ ಹಿಟ್ಟು ಬೇಡವೆಂದು ನಾನೇ ಒಂದು ಕಮಿಟಿ ಕಟ್ಟಿದ್ದೆ, ಸಾಹೇಬರ ಕಚೇರಿಗೆ ಅರ್ಜಿ ಹಾಕಿದ್ದೆ ಎಂದರೆ ಮಗಳು ನಂಬಲಿಲ್ಲ. ಆ ಕಾಲಕ್ಕೆ ಅವಳಿನ್ನೂ ತೊಟ್ಟಿಲಲ್ಲಿದ್ದಳು.

ಎಪ್ಪತ್ತೆರಡರಲ್ಲಿ ಮಳೆ ಕೈಕೊಟ್ಟಿತ್ತು. ನಾನು ಹೇಳುವುದು ಅದರ ಮರುವರ್ಷದ ಬೇಸಿಗೆಯ ಮಾತು. ನಾವಾಗ ನಾಸಿಕ್ ರೋಡಿನ ಒಂದು ಚಾಳಿನ, ಅಂದರೆ ವಠಾರದ, ಒಂದು ಕೋಣೆಯಲ್ಲಿದ್ದೆವು. ನಮ್ಮವರು ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಕ್ವಾರ್ಟರ್ಸ್ ಸಿಗುವ ತನಕ ಅಂತ ಹಿಡಿದ ಖೋಲಿ ಅದು. ಆ 'ತನಕ' ಆರು ವರ್ಷ ನಡೆಯಿತು. ಹನ್ನೆರಡು ಖೋಲಿ, ಒಂದು ನಲ್ಲಿ, ಮುಂದೆ ಉದ್ದಕ್ಕೆ ಒಂದು ಕಟ್ಟೆ. ಎಡಕ್ಕೆ ಭಾಲ್ಕಿ ಕಡೆಯ ನೀಲಮ್ಮ ಕಾಕು. ಅವರ ಯಜಮಾನರದು ಸ್ಟೇಶನ್ ಎದುರಿನ ಬಟ್ಟೆ ಅಂಗಡಿ. ಬಲಕ್ಕೆ ಮೈಸೂರಿನ ಲಲಿತಾ, ಅವಳ ಗಂಡನೂ ನಮ್ಮವರ ಕಾರ್ಖಾನೆಯವನೇ. ಮೂಲೆಯ ಖೋಲಿಯಲ್ಲಿ ಜೋಶಿ ಬಾಯಿ, ಪ್ರಾಥಮಿಕ ಶಾಲೆಯ ಮಾಸ್ತರಿಣಿ, ಮದುವೆಯಾಗದೆ ಉಳಿದವರು. ಅವರ ಕೈಯಲ್ಲಿ ಸದಾ ಒಂದು ಕೆಂಪು ಪೆನ್ಸಿಲ್ ಇರುತ್ತಿತ್ತು. ಮಾತಾಡುವಾಗ ಎದುರಿನವರು ತಪ್ಪಿದರೆ ಅದನ್ನು ಗಾಳಿಯಲ್ಲೇ ಅಡ್ಡ ಎಳೆಯುತ್ತಿದ್ದರು.

ನಮ್ಮ ಚಾಳಿನಲ್ಲಿ ಒಂದು ಪದ್ಧತಿ ಇತ್ತು. ರೇಶನ್ ಬಂದ ದಿನ ಸಂಜೆ ಹೆಂಗಸರೆಲ್ಲ ಮೊರ, ಸೇರು ಹಿಡಿದು ಕಟ್ಟೆಗೆ ಬರುವುದು. ಲಲಿತಾಳ ಗೋಧಿ ಜೋಶಿ ಬಾಯಿಗೆ, ಜೋಶಿ ಬಾಯಿಯ ಅಕ್ಕಿ ಲಲಿತಾಳಿಗೆ, ಇಬ್ಬರ ಜೋಳವೂ ಕಲಬುರ್ಗಿ-ಬೀದರಿನ ನಮಗೆ. ಸರ್ಕಾರ ಎಲ್ಲರಿಗೂ ಎಲ್ಲವನ್ನೂ ಕೊಡುತ್ತಿತ್ತು, ಯಾರಿಗೆ ಏನು ಸೇರುತ್ತದೆಂದು ನೋಡಿ ಹಂಚುವ ಕೆಲಸ ನಮ್ಮದು. ಒಂದು ತಾಸಿನಲ್ಲಿ ಹನ್ನೆರಡು ಖೋಲಿಯ ಧಾನ್ಯ ಅದಲು ಬದಲಾಗಿ, ಎಲ್ಲರೂ ತಾನೇ ಗೆದ್ದೆ ಎಂದುಕೊಂಡು ಒಳಗೆ ಹೋಗುತ್ತಿದ್ದರು.

ಇದನ್ನು ಕೆಡಿಸಿದ್ದು ಕೆಂಪು ಜೋಳ. ಆ ವರ್ಷ ಊರ ಜೋಳ ಕಾಣೆಯಾಗಿ, ಪರದೇಶದಿಂದ ಹಡಗಿನಲ್ಲಿ ಬಂದ ಸಣ್ಣ ಕೆಂಪು ಕಾಳು ರೇಶನ್ ಅಂಗಡಿಗೆ ಬಂತು. ಅಲ್ಲಿಯವರು ಅದನ್ನು ಹಂದಿಗಳಿಗೆ ಹಾಕುತ್ತಾರಂತೆ ಎಂದು ಒಬ್ಬರೆಂದರು, ಕುದುರೆಗೆ ಎಂದು ಇನ್ನೊಬ್ಬರೆಂದರು. ಮೊದಲ ದಿನ ಕಟ್ಟೆಯ ಮೇಲೆ ಹನ್ನೆರಡು ಮೊರದಲ್ಲೂ ಅದೇ. ಕೊಡುವವರೇ ಎಲ್ಲರೂ, ತೆಗೆದುಕೊಳ್ಳುವವರು ಒಬ್ಬರೂ ಇಲ್ಲ. ಎರಡನೆಯ ಸಲಕ್ಕೆ ನಮ್ಮ ಪಾಲಿನ ಬಹುಭಾಗವನ್ನು ಅಂಗಡಿಯಲ್ಲೇ ಬಿಟ್ಟು ಬಂದೆವು. ನಾನು ಧೈರ್ಯ ಮಾಡಿ ರೊಟ್ಟಿ ಬಡಿದೆ. ಹಿಟ್ಟಿಗೆ ಜಿಗಿ ಅನ್ನುವುದೇ ಇಲ್ಲ. ಹಂಚಿಗೆ ಹಾಕುವಾಗ ನಾಲ್ಕು ತುಂಡು, ತಿರುವಿ ಹಾಕುವಾಗ ಎಂಟು. ನಮ್ಮವರು ತಾಟಿನ ಮುಂದೆ ಕೂತು ತುಂಡುಗಳನ್ನು ಒಂದಕ್ಕೊಂದು ಹೊಂದಿಸಿ ನೋಡಿದರು.

"ಇದರ ಡ್ರಾಯಿಂಗ್ ಎಲ್ಲದ? ಡ್ರಾಯಿಂಗ್ ಇಲ್ದ ನಾ ಹ್ಯಾಂಗ ಜೋಡಸ್ಲಿ?" ಎಂದರು.

ಆ ಹೊತ್ತಿಗೆ ನನಗೆ ಬಂದ ಸಿಟ್ಟಿಗೆ ಕಮಿಟಿ ಹುಟ್ಟಿತು ಎಂದರೆ ಸುಳ್ಳಲ್ಲ. ಮರುದಿನವೇ ಜೋಶಿ ಬಾಯಿಯ ಬಾಗಿಲು ಬಡಿದು, ಪುರವಠಾ ಸಾಹೇಬರಿಗೆ, ಅಂದರೆ ರೇಶನ್ ನೋಡಿಕೊಳ್ಳುವ ಅಧಿಕಾರಿಗೆ, ಒಂದು ಅರ್ಜಿ ಬರೆಯಿರಿ ಅಂದೆ. ಅವರು ಕನ್ನಡಕ ಏರಿಸಿ, ಒಬ್ಬಳ ಅರ್ಜಿ ಬುಟ್ಟಿಗೆ ಹೋಗುತ್ತದೆ, ಹತ್ತು ಜನ ಸೇರಿದರೆ ಮೇಜಿನ ಮೇಲಾದರೂ ಉಳಿಯುತ್ತದೆ ಎಂದರು. ಹಾಗೆ ರವಿವಾರ ಮಧ್ಯಾಹ್ನ ಕಟ್ಟೆಯ ಮೇಲೆ ಸಭೆ ಸೇರಿತು.

ಅಂಥ ಸಭೆಯನ್ನು ನಾನು ಮತ್ತೆ ನೋಡಲಿಲ್ಲ. ಎಲ್ಲರಿಗೂ ಬೇಕಾದದ್ದು ಅನ್ನ, ಆದರೆ ಒಬ್ಬರ ಅನ್ನ ಇನ್ನೊಬ್ಬರಿಗೆ ಆಗದು. ನೀಲಮ್ಮ ಕಾಕು ಸೊಲ್ಲಾಪುರದ ಮಾಲದಂಡಿ ಜೋಳವೇ ಆಗಬೇಕೆಂದು ಪಟ್ಟು ಹಿಡಿದರು. ಲಲಿತಾ, "ನಮ್ಮನೆಯವ್ರು ಅನ್ನ ಕಾಣದಿದ್ರೆ ಊಟಾನೇ ಆಗಿಲ್ಲ ಅಂತಾರೆ ಕಣ್ರೀ. ಸಣ್ಣಕ್ಕಿ ಅಂತ ಬರೀರಿ" ಎಂದಳು. ಜೋಶಿ ಬಾಯಿ ತಮ್ಮದೇ ಕೈಯಿಂದ ಕಲ್ಲಿಲ್ಲದ ಗೋಧಿ ಎಂದು ಬರೆದುಕೊಂಡರು. ಮೂರನೇ ಖೋಲಿಯವರು ದೀಪಾವಳಿಗೆ ರವೆ ಬೇಕು ಎಂದರು, ಅದು ಏಪ್ರಿಲ್ ತಿಂಗಳು. ಕೊನೆಗೆ ಹನ್ನೊಂದು ಬೇಡಿಕೆಗಳಾದವು.

ಆಗ ನಲ್ಲಿಯ ಹತ್ತಿರ ಕೊಡ ತುಂಬುತ್ತಿದ್ದ ಸತ್ತೂಬಾಯಿ ತಿರುಗಿ ನಿಂತಳು. ಚಾಳಿನ ಹಿಂದೆ, ರೈಲ್ವೆ ಗೋದಾಮಿನ ಗೋಡೆಗೆ ಅಂಟಿಕೊಂಡು ಹತ್ತೊಂಬತ್ತು ತಗಡಿನ ಶೆಡ್ಡುಗಳಿದ್ದವು. ಬರದಿಂದಾಗಿ ಹಳ್ಳಿ ಬಿಟ್ಟು ಬಂದವರು ಅಲ್ಲಿದ್ದರು. ಸತ್ತೂಬಾಯಿಯದು ಸಿನ್ನರ್ ಕಡೆಯ ಊರು. ಗಂಡ ರಸ್ತೆ ಕೆಲಸಕ್ಕೆ, ಇವಳು ಗೋದಾಮಿನಲ್ಲಿ ಧಾನ್ಯದ ಚೀಲಗಳ ಹರುಕು, ಬಾಯಿ ಹೊಲಿಯಲು ಹೋಗುತ್ತಿದ್ದಳು. ಇಬ್ಬರು ಮಕ್ಕಳು. ದಿನಕ್ಕೆ ಎರಡು ಕೊಡ ನೀರು ಒಯ್ಯಲು ಕಾಕು ಅವಳಿಗೆ ಪರವಾನಗಿ ಕೊಟ್ಟಿದ್ದರು. ಅವಳ ಮಾತೆಲ್ಲ ಮರಾಠಿ. ನನ್ನ ನೆನಪಿನಲ್ಲಿ ಮಾತ್ರ ಅದು ಹೇಗೋ ನಮ್ಮ ಕಡೆಯ ಕನ್ನಡವಾಗಿ ಉಳಿದುಬಿಟ್ಟಿದೆ.

"ಬಾಯಿ, ನಿಮಗ ಬ್ಯಾಡಾಗಿದ್ರ ಆ ಕೆಂಪ ಜ್ವಾಳ ನಮಗ ಕೊಡ್ರಿ" ಎಂದಳು.

"ನಿಮಗೂ ಅಂಗಡ್ಯಾಗ ಸಿಗತದಲ್ಲವಾ?" ಎಂದರು ಕಾಕು.

"ಕಾರ್ಡ್ ಇಲ್ರಿ. ಊರ ಕಾರ್ಡು ಊರಾಗ ಅತ್ತಿ ಹತ್ರ ಅದ. ಇಲ್ಲಿ ಕೇಳಿದ್ರ ಮನಿ ನಂಬರ್ ಹೇಳು ಅಂತಾರ. ತಗಡಿಗಿ ಎಲ್ಲಿ ನಂಬರ್ ಇರತದ? ಮೋತಿಲಾಲ ಶೇಟ ಹಿಂದಿನ ಬಾಗಲಾಗ ಕೊಡ್ತಾನ. ನೀವು ಬ್ಯಾಡಂತ ಬಿಟ್ಟದ್ದೇ ನಮಗ ದುಪ್ಪಟ್ಟಿಗಿ ಕೊಡ್ತಾನ."

ಮೋತಿಲಾಲ ಶೇಟ ನಮ್ಮ ರೇಶನ್ ಅಂಗಡಿಯವನು. ನಾವು ಹನ್ನೆರಡು ಖೋಲಿಯವರು ಮೂಗು ಮುರಿದು ಬಿಟ್ಟುಬಂದ ಕಾಳಿನಿಂದ ಅವನು ಕೊಬ್ಬುತ್ತಿದ್ದ, ಅದರ ಹೊರೆ ಈ ಹೆಂಗಸಿನ ಮೇಲೆ. ಚೀಲದಿಂದ ಒಂದು ಕಾಳು ಸೋರದಂತೆ ದಿನವಿಡೀ ಹೊಲಿಯುವವಳು ಅವಳೇ. ನನಗೆ ನಾಚಿಕೆಯಾಯಿತು, ಅದನ್ನು ಮುಚ್ಚಿಡಲಾರೆ. ಜೋಶಿ ಬಾಯಿ ಕೆಂಪು ಪೆನ್ಸಿಲ್ ತೆಗೆದು ಒಂದೊಂದೇ ಬೇಡಿಕೆಗೆ ಗೀಟು ಹಾಕಿದರು, ತಮ್ಮ ಗೋಧಿಗೂ. ಹಳೆಯದೊಂದು ಉಳಿಯಿತು, ಹೊಸದೊಂದು ಸೇರಿತು: ಒಂದು, ಈ ಕೆಂಪು ಜೋಳ ಬೇಡ, ತಿನ್ನುವಂಥ ಧಾನ್ಯ ಕೊಡಿ, ಎರಡು, ಶೆಡ್ಡಿನ ಹತ್ತೊಂಬತ್ತು ಮನೆಗೂ ಕಾರ್ಡು ಕೊಡಿ. ನಮ್ಮದನ್ನು ಮೊದಲು ಬರೆದೆವು ಅನ್ನುವುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಸಹಿ ಕೂಡಿಸಲು ಮನೆ ಮನೆ ತಿರುಗಿದೆವು. ನೋಟು ಅಚ್ಚು ಹಾಕುವ ಪ್ರೆಸ್ಸಿನವರ ಹೆಂಡಿರು ಸೇರಿದರು, ಸ್ಟೇಶನ್ನಿನ ಹಮಾಲರ ಮನೆಯವರು ಸೇರಿದರು. ಎಂದೂ ಮುಖ ನೋಡದ ಆಚೆ ಗಲ್ಲಿಯ ಪಂಜಾಬಿ ಹೆಂಗಸರು ಲಸ್ಸಿ ಕುಡಿಸಿ ಸಹಿ ಮಾಡಿದರು. ಶೆಡ್ಡಿನವರದು ಹೆಬ್ಬೆಟ್ಟು. ಕಾಕುವಿಗೆ ಕನ್ನಡ ಬಿಟ್ಟು ಬೇರೆ ಅಕ್ಷರ ಬಾರದು, ಮರಾಠಿ ಅರ್ಜಿಯ ಕೆಳಗೆ ಗುಂಡಗೆ 'ನೀಲಮ್ಮ' ಎಂದು ಬರೆದರು. ಜೋಶಿ ಬಾಯಿ ಅದನ್ನು ತಲೆಕೆಳಗು ಮಾಡಿ ನೋಡಿ, ಚೆಂದ ಇದೆ ಎಂದರು. ಇಷ್ಟು ಜನ ಒಂದು ಕಾಗದದ ಮೇಲೆ ಬಂದದ್ದಕ್ಕೇ ನಮಗೆ ಅರ್ಧ ಗೆದ್ದಂಥ ಹುಮ್ಮಸ್ಸು.

ಅರ್ಜಿ ಮೇಜಿನ ಮೇಲೆ ಉಳಿಯಿತು. ಹದಿನೈದು ದಿನಕ್ಕೆ ಸಾಹೇಬರೇ ಬಂದು ನೋಡುತ್ತಾರೆಂದು ಉತ್ತರ ಬಂತು. ಆಗ ನಾನು ಒಂದು ಉಪಾಯ ಹೇಳಿದೆ. ಮಾತಿನಿಂದ ಏನೂ ಆಗದು, ಅವರನ್ನು ಕೂರಿಸಿ ಅದೇ ಜೋಳದ ರೊಟ್ಟಿ ತಾಟಿಗೆ ಹಾಕೋಣ. ಎರಡು ತುತ್ತು ನುಂಗಿದರೆ ತಾವೇ ಬರೆದುಕೊಡುತ್ತಾರೆ. ಎಲ್ಲರೂ ಭಲೇ ಎಂದರು. ರೊಟ್ಟಿ ಯಾರು ಮಾಡಬೇಕು ಅನ್ನುವಲ್ಲಿ ನಾವು ಎಡವಿದೆವು. ಇಡೀ ನಾಸಿಕ್ ರೋಡಿನಲ್ಲಿ ಒಳ್ಳೆಯ ರೊಟ್ಟಿ ಬಡಿಯುವವರು ಯಾರೆಂದರೆ ನೀಲಮ್ಮ ಕಾಕು. ಆ ಮರ್ಯಾದೆ ಅವರಿಗೇ ಸಲ್ಲಬೇಕು ಎಂದು ಒಮ್ಮತದಿಂದ ತೀರ್ಮಾನಿಸಿದೆವು. ಕೆಟ್ಟ ರೊಟ್ಟಿ ಬೇಕಾಗಿದ್ದಾಗ ನನ್ನನ್ನು ಕೂರಿಸಬೇಕಿತ್ತು.

ಸಾಹೇಬರು ಬಂದ ದಿನ ಬಿಸಿಲು ಎಂಥದ್ದೆಂದರೆ ತಗಡಿನ ಶೆಡ್ಡುಗಳು ಟಣ್ ಟಣ್ ಅನ್ನುತ್ತಿದ್ದವು. ಬಡಕಲು ಮನುಷ್ಯ. ವರ್ಗವಾಗಿ ಬಂದು ಎರಡು ವರ್ಷ, ಹೆಂಡತಿ ಮಕ್ಕಳು ನಾಗಪುರದ ಕಡೆ, ಇವರದು ಖಾನಾವಳಿ ಊಟ. ಇದು ನಮಗೆ ಆಮೇಲೆ ತಿಳಿಯಿತು. ಕಟ್ಟೆಯ ಮೇಲೆ ಮಣೆ ಹಾಕಿ ಕೂರಿಸಿದೆವು. ಸುತ್ತಲೂ ನಲವತ್ತು ಐವತ್ತು ಹೆಂಗಸರು, ಹಿಂದೆ ಶೆಡ್ಡಿನವರು. ಮೋತಿಲಾಲ ಶೇಟನೂ ಕೈಕಟ್ಟಿ ಒಂದು ಬದಿಗೆ ನಿಂತಿದ್ದ. ಜೋಶಿ ಬಾಯಿ ಅರ್ಜಿ ಓದಿ, ಈಗ ಸಾಹೇಬರು ಪ್ರತ್ಯಕ್ಷ ಅನುಭವಿಸಬೇಕು ಎಂದು ಗಂಭೀರವಾಗಿ ಕೈ ತೋರಿದರು.

ಕಾಕು ಒಳಗಿನಿಂದ ತಾಟು ತಂದರು. ಅದನ್ನು ನೋಡಿದ್ದೇ ಕೆಟ್ಟೆವು ಅಂದುಕೊಂಡೆ. ಪೂರ್ಣ ಚಂದ್ರನಂಥ ರೊಟ್ಟಿ, ಒಂದು ಬಿರುಕಿಲ್ಲ, ಉಬ್ಬಿ ಎರಡು ಪದರ ಬಿಟ್ಟಿದೆ. ಬದಿಗೆ ಪುಂಡಿ ಪಲ್ಯ, ಝುಣಕ, ಶೇಂಗಾ ಹಿಂಡಿಯ ಮೇಲೆ ಎಣ್ಣೆ, ಒಡೆದ ಉಳ್ಳಾಗಡ್ಡಿ, ಒಂದು ಮುದ್ದೆ ಬೆಣ್ಣೆ. ಸಾಹೇಬರು ಒಂದು ತುತ್ತು ಮುರಿದರು. ಕಣ್ಣು ಮುಚ್ಚಿದರು. ಐವತ್ತು ಹೆಂಗಸರು ಉಸಿರು ಹಿಡಿದೆವು. ಅವರು ಕಣ್ಣು ತೆರೆದು ಎರಡನೆಯ ತುತ್ತಿಗೆ ಕೈ ಹಾಕಿದರು. ಆಮೇಲೆ ಯಾರ ಕಡೆಗೂ ನೋಡಲಿಲ್ಲ.

"ಇನ್ನೊಂದ ಬಿಸೀದು ಹಾಕ್ಲಿ ಸಾಹೇಬ್ರ? ನಾಚಬ್ಯಾಡ್ರಿ, ನಿಮ್ಮ ಮನೀನೇ ಅಂತ ತಿಳ್ಕೋರಿ" ಎಂದರು ಕಾಕು. ಕನ್ನಡ ತಿಳಿಯದ ಸಾಹೇಬರು ತಾಟು ಮುಂದೆ ಚಾಚಿದರು.

ನಾಲ್ಕು ರೊಟ್ಟಿ. ನಾಲ್ಕನೆಯದಕ್ಕೆ ಮೊಸರು ಬೇಡಿದರು. ಕೈ ತೊಳೆದು, ಫೈಲು ತೆರೆದು, ಧಾನ್ಯ ಉತ್ತಮವಾಗಿದೆ, ತಕರಾರಿನಲ್ಲಿ ಹುರುಳಿಲ್ಲ ಎಂದು ಬರೆದು ಸಹಿ ಒಗೆದರು. ಮೋತಿಲಾಲ ಶೇಟ ಆಕಾಶ ನೋಡಿ ಕೈ ಮುಗಿದ. ಜೋಶಿ ಬಾಯಿಯ ಕೈಯಲ್ಲಿದ್ದ ಕೆಂಪು ಪೆನ್ಸಿಲ್ ಲಟಕ್ಕನೆ ಮುರಿಯಿತು.

ಮಾತಾಡಿದವಳು ಸತ್ತೂಬಾಯಿ. ಗುಂಪು ಸರಿಸಿಕೊಂಡು ಮುಂದೆ ಬಂದು, ಸೆರಗು ಸರಿಮಾಡಿಕೊಂಡು, "ಸಾಹೇಬ, ಜ್ವಾಳ ಛಲೋ ಅದ ಅಂತ ನೀವೇ ಬರದ್ರಿ. ಹಂಗಿದ್ರ ನಮಗೂ ಕೊಡ್ರಿ. ನಾವು ತಕರಾರು ಮಾಡಂಗಿಲ್ಲ" ಎಂದಳು.

ಹೊಟ್ಟೆ ತುಂಬಿದ ಮನುಷ್ಯನಿಗೆ ಇಲ್ಲ ಅನ್ನುವುದು ಕಷ್ಟ. ಸಾಹೇಬರು ಹಲ್ಲಿನ ಸಂದಿಯ ಶೇಂಗಾ ತೆಗೆಯುತ್ತ ಕಾಯದೆ ಹೇಳಿದರು: ಮನೆಗೆ ನಂಬರ್ ಇರಬೇಕು, ನಂಬರ್ ಇಲ್ಲದ ಕಡೆ ಕಾರ್ಡು ಬರೆಯಲು ಬರುವುದಿಲ್ಲ. ನಂಬರ್ ಇದ್ದರೆ ಬರೆಯುವಿರೋ ಎಂದು ಜೋಶಿ ಬಾಯಿ ಕೇಳಿದರು. ಯಾಕಿಲ್ಲ, ಬರುವ ಬುಧವಾರ ಬಂದು ಬರೆಯುತ್ತೇನೆ ಎಂದರು ಸಾಹೇಬರು. ಬಾಯಿ ಆ ಮಾತನ್ನು ಮುರಿದ ಪೆನ್ಸಿಲಿನ ಮೊನೆಯಿಂದಲೇ ನೋಟ್‌ಬುಕ್ಕಿನಲ್ಲಿ ಬರೆದು ಅವರ ಕೈಯಿಂದ ಸಹಿ ಹಾಕಿಸಿಕೊಂಡರು. ಮೂವತ್ತು ವರ್ಷ ಮಕ್ಕಳ ಹಾಜರಿ ತೆಗೆದುಕೊಂಡವರು, ಅವರಿಗೆ ಅದು ಅಭ್ಯಾಸ.

ಸಾಹೇಬರ ಜೀಪು ತಿರುಗಿದ್ದೇ ಎಲ್ಲರೂ ಕಾಕುವಿನ ಮೇಲೆ ಬಿದ್ದೆವು.

"ಏನ್ ಮಾಡಿದ್ರಿ ಕಾಕೂ? ಆ ಹಿಟ್ಟಿಲೆ ಹಂಗ ರೊಟ್ಟಿ ಹ್ಯಾಂಗ ಆಯ್ತು?" ಎಂದು ನಾನು ಹೆಚ್ಚುಕಡಿಮೆ ಕಿರುಚಿದೆ.

ಕಾಕು ಮೊದಲು ಸೆಟೆದು ನಿಂತರು, ಆಮೇಲೆ ಒಪ್ಪಿಕೊಂಡರು. ಬೆಳಿಗ್ಗೆ ಒಂದು ರೊಟ್ಟಿ ಬಡಿದು ನೋಡಿದರಂತೆ, ಹರಿದುಹೋಯಿತಂತೆ. ಆಗ ಒಂದು ಹಿಡಿ ಉದ್ದಿನ ಹಿಟ್ಟು ಬೆರೆಸಿದರು. ಆಗಲೂ ಮನಸ್ಸು ಒಪ್ಪಲಿಲ್ಲ. ಭಾಲ್ಕಿಯಿಂದ ತಂದು ಹಬ್ಬಕ್ಕೆಂದು ಡಬ್ಬಿಯ ತಳದಲ್ಲಿಟ್ಟಿದ್ದ ಬಿಳಿ ಜೋಳದ ಹಿಟ್ಟು ಎರಡು ಸೇರು ಸುರಿದರು. ಕೊನೆಗೆ ತಾಟಿನಲ್ಲಿ ಸರ್ಕಾರದ ಜೋಳ ಎಷ್ಟಿತ್ತೋ ದೇವರೇ ಬಲ್ಲ.

"ಮತ್ತೇನ್ ಮಾಡ್ಲೆವ್ವ?" ಎಂದರು ಕಾಕು. "ಮನಿಗಿ ಬಂದ ಮನಷಾಗ ಹರಕ ರೊಟ್ಟಿ ಹಾಕ್ಲಿ? ನನ್ನ ಕೈಲೆ? ನಾಳಿಗಿ ಅಂವ ಭಾಲ್ಕಿ ಮಂದಿಗಿ ರೊಟ್ಟಿ ಮಾಡ್ಲಿಕ್ಕಿ ಬರಂಗಿಲ್ಲ ಅಂದ್ರ ಯಾರಿಗಿ ಹೋಗಿ ಹೇಳ್ಲಿ ನಾ?"

ಜೋಶಿ ಬಾಯಿ ಎರಡು ದಿನ ಅವರೊಡನೆ ಮಾತು ಬಿಟ್ಟರು. ಮೂರನೆಯ ದಿನ ತಾವೇ ಹೋಗಿ ಉಳಿದ ಹಿಂಡಿ ಇದೆಯೇ ಎಂದು ಕೇಳಿದರು. ನಮ್ಮ ಮೊದಲ ಬೇಡಿಕೆ ಹೀಗೆ ಸತ್ತಿತು. ಆ ವರ್ಷ ಮಾಲದಂಡಿ ಜೋಳದ ಮುಖವನ್ನೇ ನಾವು ಕಾಣಲಿಲ್ಲ. ಉಳಿದದ್ದು ಎರಡನೆಯದು, ಅದಕ್ಕೆ ಇದ್ದ ಗಡುವು ಬುಧವಾರ.

ನಂಬರ್ ಎಲ್ಲಿಂದ ತರುವುದು? ನಗರಪಾಲಿಕೆಗೆ ಹೋದರೆ ಮೊಮ್ಮಕ್ಕಳ ಕಾಲಕ್ಕೆ ಬಂದೀತು. ರಾತ್ರಿ ಊಟಕ್ಕೆ ಕೂತಾಗ ನಮ್ಮವರಿಗೆ ಇದನ್ನೆಲ್ಲ ಹೇಳಿದೆ. ಅವರು ಇಷ್ಟು ದಿನ ಕಮಿಟಿ ಎಂದರೆ ಮುಸಿಮುಸಿ ನಗುತ್ತಿದ್ದವರು, ಅವತ್ತು ತುತ್ತು ಕೈಯಲ್ಲೇ ಹಿಡಿದು ಯೋಚಿಸಿದರು.

"ಸಾಹೇಬ್ರು ಏನಂದಾರ? ನಂಬರ್ ಇರಬೇಕು ಅಂದಾರ. ಯಾರು ಕೊಟ್ಟದ್ದು ಅಂತ ಅಂದಾರೇನು?"

"ಇಲ್ಲ."

"ಮತ್ತ? ನಮ್ಮ ಚಾಳಿನ ನಂಬರ್ ನೂರಾ ಹದಿನಾಲ್ಕು. ಅದಕ್ಕೊಂದ ಗೀಟು ಹಾಕಿ ಮುಂದ ಒಂದರಿಂದ ಹತ್ತೊಂಬತ್ತು. ರವಿವಾರ ಮಾಡಿ ಮುಗಿಸ್ತೀವಿ."

ರವಿವಾರ ಬೆಳಿಗ್ಗೆ ನಮ್ಮವರು, ಲಲಿತಾಳ ಗಂಡ, ಅವರ ಪಾಳಿಯ ಇನ್ನೂ ಮೂವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಹಳೆಯ ವನಸ್ಪತಿ ಡಬ್ಬಿಯ ತಗಡನ್ನು ಬಿಡಿಸಿ, ಬಡಿದು ಸಪಾಟು ಮಾಡಿ, ಅಂಕಿಗಳನ್ನು ಕತ್ತರಿಸಿ ಅಚ್ಚು ಮಾಡಿಕೊಂಡಿದ್ದರು. ಬಣ್ಣ ಬಜಾರಿನಿಂದ ತಂದದ್ದು. ಕಾರ್ಖಾನೆಯ ಒಂದು ಹನಿ ಮುಟ್ಟಿದರೂ ಪಾಪ ಎಂದು ನಮ್ಮವರು ತಾವೇ ಎರಡು ಸಲ ಹೇಳಿದರು. ನಾನಾದರೆ ಒಂದು ಬ್ರಶ್ಶು ಹಿಡಿದು ಅರ್ಧ ತಾಸಿನಲ್ಲಿ ಗೀಚಿ ಮುಗಿಸುತ್ತಿದ್ದೆ. ಇವರು ತೂಕದ ಗುಂಡು ಇಳಿಬಿಟ್ಟು, ಸ್ಕೇಲು ಹಿಡಿದು, ಪ್ರತಿ ಬಾಗಿಲಿನ ಮೇಲೂ ನೆಲದಿಂದ ಇಷ್ಟೇ ಎತ್ತರ, ಬಲ ಅಂಚಿನಿಂದ ಇಷ್ಟೇ ದೂರ ಎಂದು ಅಳೆದರು. ಆದರೆ ಶೆಡ್ಡುಗಳಲ್ಲಿ ಒಂದೂ ನೆಟ್ಟಗಿರಲಿಲ್ಲ. ನಂಬರ್ ನೆಟ್ಟಗೆ ಹಾಕಿದರೆ ಬಾಗಿಲು ಸೊಟ್ಟ ಕಾಣುತ್ತಿತ್ತು. ಲಲಿತಾಳ ಗಂಡ ಬಾಗಿಲನ್ನೇ ಕಿತ್ತು ಸರಿಮಾಡೋಣ ಎಂದ. ಮಧ್ಯಾಹ್ನದ ಹೊತ್ತಿಗೆ ಏಳು ಬಾಗಿಲು ಕಿತ್ತು ಹೊಸ ತಿರುಗಣಿ ಹಾಕಿ ಕೂರಿಸಿದ್ದರು. ಕಮಿಟಿ ಕೇಳದಿದ್ದ ಕೆಲಸವೂ ಆಯಿತು.

ಕಮಿಟಿ ಹೆಂಗಸರು ಚಹಾ ಹಿಡಿದು ಹೋಗಿ ನೋಡಿದರೆ ಬಿಳಿ ಅಂಕಿಗಳು ವಿಮಾನದ ಬಾಲದ ಮೇಲಿನಷ್ಟು ಚೊಕ್ಕಟ. ಅಷ್ಟಕ್ಕೇ ಬಿಟ್ಟಿದ್ದರೆ ಒಳ್ಳೆಯದಿತ್ತು. ಆದರೆ ಮಕ್ಕಳು ತಗ್ಗಿನ ಚಾವಣಿ ಹತ್ತಿ ಕುಣಿಯುತ್ತಿದ್ದುದನ್ನು ನೋಡಿ, ಒಬ್ಬರು ಕೈ ರೂಢಿಗೆ ಪ್ರತಿ ಶೆಡ್ಡಿನ ಅಂಚಿಗೂ 'ನೋ ಸ್ಟೆಪ್' ಎಂದು ಇಂಗ್ಲಿಷಿನಲ್ಲಿ ಕೆಂಪು ಅಕ್ಷರ ಹಾಕಿಬಿಟ್ಟಿದ್ದರು. ವಿಮಾನದ ರೆಕ್ಕೆಯ ಮೇಲೆ ಕಾಲಿಡಬಾರದ ಕಡೆ ಹಾಗೆ ಬರೆಯುತ್ತಾರಂತೆ.

ಸತ್ತೂಬಾಯಿಯದು ಏಳನೇ ಶೆಡ್ಡು. ಬಣ್ಣ ಒಣಗುವ ತನಕ ಅವಳು ಎದುರಿಗೇ ಕುಕ್ಕರಗಾಲಲ್ಲಿ ಕೂತಿದ್ದಳು. ಓದು ಬಾರದವಳು. ಮಗಳಿಂದ ಹೇಳಿಸಿಕೊಂಡು ಬಾಯಿಪಾಠ ಮಾಡಿದಳು: ಏಕಶೇ ಚೌದಾ, ಸಾತ, ಅಂದರೆ ನೂರಾ ಹದಿನಾಲ್ಕು, ಏಳು. ಬುಧವಾರದ ತನಕ ನಲ್ಲಿಯ ಹತ್ತಿರ ಕೊಡ ತುಂಬುವಾಗಲೂ ಅವಳ ತುಟಿ ಅದನ್ನೇ ಹೇಳುತ್ತಿತ್ತು.

ಬುಧವಾರ ಸಾಹೇಬರು ಬಂದರು. ಈ ಸಲ ಕಾಕು ಶೇಂಗಾ ಹೋಳಿಗೆ ಮಾಡಿದ್ದರು, ನಾವು ಯಾರೂ ತಡೆಯಲಿಲ್ಲ. ಸಾಹೇಬರು ಶೆಡ್ಡುಗಳ ಸಾಲಿನ ಮುಂದೆ ನಿಂತು ಈ ತುದಿಯಿಂದ ಆ ತುದಿಗೆ ನೋಡಿದರು. ಚಾವಣಿಯ ಕೆಂಪು ಅಕ್ಷರ ನೋಡಿ ಹುಬ್ಬು ಏರಿಸಿದರು. ಅವರಿಗೆ ಎಲ್ಲ ತಿಳಿಯಿತೆಂದು ನನಗೂ ತಿಳಿಯಿತು. ಜೋಶಿ ಬಾಯಿ ನೋಟ್‌ಬುಕ್ಕು ತೆರೆದು ಅವರ ಸಹಿಯ ಮೇಲೆ ಬೆರಳಿಟ್ಟು ಹಿಡಿದರು. ಸಾಹೇಬರು ನಿಟ್ಟುಸಿರು ಬಿಟ್ಟು, ನನ್ನ ಕಚೇರಿಗೇ ಇಷ್ಟು ನೆಟ್ಟಗಿನ ನಂಬರ್ ಇಲ್ಲ ಎಂದು ಹೇಳಿ ಕುರ್ಚಿ ಹಾಕಿಸಿಕೊಂಡರು. ಹತ್ತೊಂಬತ್ತು ಅರ್ಜಿಗಳನ್ನೂ ತಾವೇ ಬರೆದರು. ಸತ್ತೂಬಾಯಿಯ ಸರದಿ ಬಂದಾಗ ಹೆಸರು ಕೇಳಿದರು. ಅವಳು ಹೆಸರು ಬಿಟ್ಟು ನಂಬರ್ ಹೇಳಿದಳು.

ಕಾರ್ಡು ಕೈಗೆ ಬರುವಾಗ ಜೂನ್ ಬಂದಿತ್ತು, ಮಳೆ ಇನ್ನೂ ಬಂದಿರಲಿಲ್ಲ. ಮೊದಲ ರೇಶನ್ ದಿನ ಅಂಗಡಿಯ ಮುಂದೆ ಸಾಲು ಗಲ್ಲಿಯ ತಿರುವಿನ ತನಕ. ಶೆಡ್ಡಿನವರು ನಸುಕಿನಿಂದಲೇ ಬಂದು ಮುಂದೆ ನಿಂತಿದ್ದರು. ನಾನು ತೊಟ್ಟಿಲ ಕೂಸಿಗೆ ಹಾಲು ಕುಡಿಸಿ ಹೋಗುವಾಗ ತಡವಾಗಿ, ಅವರೆಲ್ಲರ ಹಿಂದೆ ಸಿಕ್ಕೆ, ಕಾಕು, ಲಲಿತಾ ನನಗಿಂತಲೂ ಹಿಂದೆ. ಒಬ್ಬೊಬ್ಬರೇ ಕೆಂಪು ಜೋಳ ತೂಗಿಸಿಕೊಂಡು ಪಕ್ಕಕ್ಕೆ ಸರಿದರು. ಶೆಡ್ಡಿನವರಲ್ಲಿ ಕೊನೆಯವಳು ಸತ್ತೂಬಾಯಿ. ಅವಳ ಚೀಲ ತುಂಬಿತು. ನಾನು ಕಾರ್ಡು ಚಾಚಿದೆ. ಮೋತಿಲಾಲ ಶೇಟ ತಕ್ಕಡಿಯನ್ನು ಬೋರಲು ಹಾಕಿದ.

"ಮಾಲ್ ಖತಮ್. ಹತ್ತೊಂಬತ್ತು ಹೊಸ ಕಾರ್ಡು ಮಾಡಿಸಿದವರು ನೀವೇ ಅಲ್ಲವೇ? ಅವರನ್ನೇ ಕೇಳಿಕೊಳ್ಳಿ" ಎಂದು ನಕ್ಕ.

ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಸಿಟ್ಟು ಬಂದದ್ದು ಅವನ ಮೇಲೆ ಮಾತ್ರ ಅಲ್ಲ. ಎದುರಿಗೆ ತುಂಬಿದ ಚೀಲದ ಬಾಯಿ ಕಟ್ಟುತ್ತಿದ್ದ ಸತ್ತೂಬಾಯಿಯ ಮೇಲೂ ಬಂತು. ಇವರಿಗಾಗಿ ತಿರುಗಿದ ಬಿಸಿಲೆಲ್ಲ ನೆನಪಾಯಿತು. ಮನೆಯ ಡಬ್ಬಿಯಲ್ಲಿ ಎರಡು ದಿನದ ಹಿಟ್ಟಿತ್ತು. ಬರಿಗೈಯಲ್ಲಿ ತಿರುಗಿದೆ.

"ನಿಲ್ಲ್ರಿ ಬಾಯಿ" ಎಂದಳು ಸತ್ತೂಬಾಯಿ. ಅವಳ ಕಣ್ಣು ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಖಾಲಿ ಗೋಣಿಚೀಲಗಳ ಮೇಲಿತ್ತು. ಒಂದೊಂದನ್ನೇ ಕಾಲಿನಿಂದ ಸರಿಸಿ, ಹೊಲಿಗೆ ನೋಡಿದಳು.

"ಶೇಟ, ನಿನ್ನೆ ಗೋದಾಮಿನಾಗ ನಿನ್ನ ಗಾಡಿಗಿ ಹನ್ನೊಂದ ಚೀಲ ಏರ್ಸ್ಯಾರ. ಹನ್ನೊಂದರದೂ ಬಾಯಿ ಹೊಲದಾಕಿ ನಾನೇ. ಇಲ್ಲಿ ನನ್ನ ಹೊಲಿಗಿ ಏಳು ಅವ. ಇನ್ನ ನಾಕು ಎಲ್ಲವ?"

ಶೇಟನ ನಗು ಇಳಿಯಿತು. "ನಿನಗೆ ಸಿಕ್ಕಿತಲ್ಲ? ನಡಿ, ನಡಿ."

"ಇವರಿಗಿ ಸಿಕ್ಕಿಲ್ಲ."

ಅಷ್ಟು ಹೇಳಿ ಅವಳು ತನ್ನ ಜೋಳದ ಚೀಲವನ್ನು ಅಂಗಡಿಯ ಹೊಸ್ತಿಲ ಮೇಲಿಟ್ಟು ಅದರ ಮೇಲೆ ಕೂತಳು. ಮನೆಯ ದಾರಿ ಹಿಡಿದಿದ್ದ ಶೆಡ್ಡಿನ ಹೆಂಗಸರು ಇದನ್ನು ನೋಡಿ ತಿರುಗಿ ಬಂದು ಅವಳ ಹಿಂದೆ ಕೂತರು. ಯಾರೂ ಘೋಷಣೆ ಕೂಗಲಿಲ್ಲ. ಒಬ್ಬಳು ಎಲೆ ಅಡಿಕೆ ಬಿಚ್ಚಿದಳು, ಇನ್ನೊಬ್ಬಳು ಮಗುವಿನ ಹೇನು ನೋಡತೊಡಗಿದಳು. ಸಾಲಿನಲ್ಲಿದ್ದ ಪ್ರೆಸ್ಸಿನವರ ಹೆಂಡಿರು, ಕಾಕು, ಲಲಿತಾ ಎಲ್ಲರೂ ನೆಲಕ್ಕೆ ಕೂತರು. ಆ ಹೊತ್ತಿಗೆ ಶಾಲೆ ಬಿಟ್ಟು ಬಂದ ಜೋಶಿ ಬಾಯಿ ಗಲ್ಲಿಯ ತಿರುವಿನಲ್ಲೇ ನೋಟ್‌ಬುಕ್ಕು ತೆರೆದರು. ಶೇಟ ಸ್ವಲ್ಪ ಹೊತ್ತು ಒಳಗೆ ಹೊರಗೆ ಓಡಾಡಿದ, ಬೆವರು ಒರೆಸಿಕೊಂಡ, ಆಮೇಲೆ ಹಿಂದಿನ ಖೋಲಿಯ ಕೀಲಿ ತೆಗೆದ. ನಾಲ್ಕು ಚೀಲ ಹೊರಗೆ ಬಂದವು. ಒಂದೊಂದರ ಬಾಯಿಯನ್ನೂ ಸತ್ತೂಬಾಯಿ ಬೆರಳಿನಿಂದ ಸವರಿ ನೋಡಿ ಹೌದೆಂದು ತಲೆಯಾಡಿಸಿದಳು.

ಮೂರು ತಿಂಗಳಿಂದ ಬೇಡ ಬೇಡವೆಂದು ಊರೆಲ್ಲ ಸಾರಿದ್ದ ಕೆಂಪು ಜೋಳವನ್ನು ನಾನು ತೂಗಿಸಿಕೊಂಡು ಎರಡೂ ಕೈಯಲ್ಲಿ ಅಪ್ಪಿ ಹಿಡಿದೆ. ಒಂದು ಗಳಿಗೆ ಹಿಂದೆ ಅವಳ ಮೇಲೆ ಸಿಟ್ಟಾಗಿದ್ದೆನೆಂದು ಅವಳಿಗೆ ಗೊತ್ತಿರಲಿಲ್ಲ, ಹೇಳುವ ಧೈರ್ಯವೂ ನನಗಿರಲಿಲ್ಲ. ಸತ್ತೂಬಾಯಿ ಎದ್ದು ಸೀರೆ ಝಾಡಿಸಿಕೊಂಡು ನನ್ನ ಚೀಲವನ್ನು ಸೊಂಟಕ್ಕೆ ಸರಿಯಾಗಿ ಕೂರಿಸಿದಳು.

"ಇನ್ನೊಮ್ಮಿ ಏನರೆ ಹಿಂಗ ಮಾಡಿದ್ರ ಸೀದಾ ನಮ್ಮ ಮನಿಗಿ ಬರ್ರಿ ಬಾಯಿ" ಎಂದಳು. "ಮನಿ ಪತ್ತಾ ಗೊತ್ತದ ಅಲ್ಲ?"

ಅವಳ ಮನೆ ನನ್ನ ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಗೊತ್ತಿಲ್ಲ, ಹೇಳು ಎಂದೆ. ಅವಳು ಅಂಗಡಿಗೆಲ್ಲ ಕೇಳುವ ಹಾಗೆ ತನ್ನ ನಂಬರ್ ಹೇಳಿದಳು.